ನೋವಿಗೆ ಕರೆಂಟಿನ ಉಪಚಾರ: ಭಾತಂಬ್ರಾದ ಆಶಾ ಕಾರ್ಯಕರ್ತೆಯರಿಗೊಂದು ಬಹಿರಂಗ ಪತ್ರ



ಚರ್ಮಕ್ಕೆ ಅಂಟಿಸಿದ ಪ್ಯಾಡುಗಳ ಮೂಲಕ ಸಣ್ಣ ವಿದ್ಯುತ್ ಮಿಡಿತಗಳನ್ನು ಹಾಯಿಸಿ, ಅದರಡಿಯ ನರಗಳನ್ನು ಚುರುಕುಗೊಳಿಸಿ, ನೋವನ್ನು ತಗ್ಗಿಸುವ ಉಪಚಾರಕ್ಕೆ ವೈದ್ಯರು ಟೆನ್ಸ್ ಎನ್ನುತ್ತಾರೆ. ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಿಂದ ನಡೆಯುತ್ತದೆ. ಅದರಿಂದ ಹೊರಟ ವೈರುಗಳ ತುದಿಗೆ ಎರಡೋ ನಾಲ್ಕೋ ಪ್ಯಾಡುಗಳಿರುತ್ತವೆ. ಗುಂಡಿ ತಿರುಗಿಸಿದರೆ ಪ್ಯಾಡಿನ ಕೆಳಗೆ ಜುಮುಜುಮು ಎನ್ನುತ್ತದೆ. ಊರಲ್ಲಿ ಇದನ್ನು ಕರೆಂಟ್ ಮಶಿನ್ ಅನ್ನುತ್ತಾರೆ, ಶಾಕ್ ಕೊಡುವ ಮಶಿನ್ ಎಂದೂ ಅನ್ನುವುದುಂಟು. ಎರಡನೆಯ ಹೆಸರು ಕೇಳಿಯೇ ಹೆದರಿ ದೂರವಿರುವವರಿದ್ದಾರೆ. ಅದೇ ಹೆಸರು ಕೇಳಿ, ಇದರಿಂದ ಮಂಡಿ ಸವೆತವೇ ವಾಸಿಯಾಗುತ್ತದೆಂದು ನಂಬಿ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ. ಎರಡೂ ಕಡೆಯವರು ಮೊದಲು ಸಲಹೆ ಕೇಳುವುದು ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು. ಈ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು, ಯಾರ ಮೈಗೆ ಅದನ್ನು ತಾಗಿಸಲೇಬಾರದು ಎಂಬ ವಿವರ ಆಕೆಯ ಬಳಿ ಇರಬೇಕು.

ನೋವಿಗೇನೂ ಭಾಲ್ಕಿ ತಾಲ್ಲೂಕಿನ ಈ ಸೀಮೆಯಲ್ಲಿ ಕೊರತೆಯಿಲ್ಲ. ಮುಂಗಾರಿನಲ್ಲಿ ಸೋಯಾಬೀನ್, ಹೆಸರು, ಉದ್ದಿನ ಹೊಲಗಳಲ್ಲಿ ತಾಸುಗಟ್ಟಲೆ ಬಗ್ಗಿ ಕಸ ತೆಗೆಯುವವರು ಹೆಚ್ಚಾಗಿ ಹೆಂಗಸರು. ಹಿಂಗಾರಿ ಜೋಳ ಬಂದಾಗ ಕುಕ್ಕರುಗಾಲಲ್ಲಿ ಕೂತು ಕೊಯ್ಯಬೇಕು. ಕಬ್ಬು ಕಡಿಯುವವರಿಗೆ ಬಗ್ಗುವುದರ ಜೊತೆಗೆ ಹೊರೆ ಹೊತ್ತು ಲಾರಿಗೆ ಏರಿಸುವ ಕೆಲಸವೂ ಇರುತ್ತದೆ. ಬೀದರ್ ಪಟ್ಟಣದಲ್ಲಿ ಬಿದರಿ ಪಾತ್ರೆಗೆ ಬೆಳ್ಳಿ ತಂತಿ ಕೂರಿಸುವ ಕುಶಲಕರ್ಮಿಗಳು ಕತ್ತು ಬಗ್ಗಿಸಿ, ಉಳಿ ಹಿಡಿದು ದಿನವಿಡೀ ಕೂರುತ್ತಾರೆ. ಟೊಂಕ, ಮೊಣಕಾಲು, ಕುತ್ತಿಗೆ, ಭುಜ, ಮಣಿಕಟ್ಟು, ಹೀಗೆ ದುಡಿಮೆ ಯಾವುದೋ ನೋವಿನ ಜಾಗ ಅದಕ್ಕೆ ತಕ್ಕಂತೆ. ನೆರೆಯ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ವೈದ್ಯ ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದಾಗ, ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ಶೇ. 18ರಷ್ಟು ಮಂದಿಗೆ ಕೀಲು ಮತ್ತು ಸ್ನಾಯುಗಳ ನೋವು ಇದ್ದದ್ದು ಕಂಡುಬಂತು. ಭಿಗವಣವೂ ಒಕ್ಕಲುತನದ ಊರು. ಇಲ್ಲಿಯ ಸ್ಥಿತಿ ಅದಕ್ಕಿಂತ ತೀರಾ ಬೇರೆಯಿರಲು ಕಾರಣವಿಲ್ಲ.

ನೋವಿಗೆ ವಿದ್ಯುತ್ತನ್ನು ಬಳಸುವುದು ಹೊಸ ಸಂಗತಿಯೇನಲ್ಲ. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವು ಮತ್ತು ಕಾಲಿನ ಗೌಟ್ ಬೇನೆಗೆ ವಿದ್ಯುತ್ ಹೊಮ್ಮಿಸುವ ಟಾರ್ಪಿಡೊ ಮೀನನ್ನು ನೋವಿದ್ದಲ್ಲಿ ತಾಗಿಸುವಂತೆ ಬರೆದಿಟ್ಟಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಿಟ್ ಎಂಬ ಬ್ಯಾಟರಿ ಯಂತ್ರ ಸಕಲ ರೋಗಗಳಿಗೂ ಮದ್ದೆಂಬ ಹೆಗ್ಗಳಿಕೆಯೊಂದಿಗೆ ಮಾರಾಟವಾಯಿತು. ಇಂಥ ಅತಿಮಾತಿನಿಂದಲೇ ಈ ವಿದ್ಯೆ ಬಹುಕಾಲ ವೈದ್ಯರ ಅಸಡ್ಡೆಗೆ ಗುರಿಯಾಗಿತ್ತು.

ಅಸಡ್ಡೆ ಹೋಗಿ ಕುತೂಹಲ ಹುಟ್ಟಿದ್ದು 1965ರಲ್ಲಿ. ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ನೋವಿನ ದ್ವಾರ ಸಿದ್ಧಾಂತವನ್ನು ಪ್ರಕಟಿಸಿದರು. ಮೈಯಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರತಂತುಗಳು ಒಂದೇ ಬಗೆಯವಲ್ಲ. ದಪ್ಪನೆಯ ತಂತುಗಳು ಮುಟ್ಟಿದ್ದು, ಒತ್ತಿದ್ದು, ಅದುರಿದ್ದು ಇಂಥ ಸುದ್ದಿಯನ್ನು ಬಹುವೇಗವಾಗಿ ಒಯ್ಯುತ್ತವೆ. ಸಪೂರ ತಂತುಗಳು ನೋವಿನ ಸುದ್ದಿಯನ್ನು ನಿಧಾನವಾಗಿ ತರುತ್ತವೆ. ಇವೆರಡೂ ಬೆನ್ನುಹುರಿಯ ಹಿಂಭಾಗದಲ್ಲಿ ಒಂದೇ ತಾಣಕ್ಕೆ ಬಂದು ಸೇರುತ್ತವೆ. ಅಲ್ಲಿರುವ ಸಣ್ಣ ನರಕೋಶಗಳು ಯಾವ ಸುದ್ದಿ ಎಷ್ಟರಮಟ್ಟಿಗೆ ಮಿದುಳಿಗೆ ಏರಬೇಕೆಂಬುದನ್ನು ನಿಯಂತ್ರಿಸುತ್ತವೆ. ದಪ್ಪ ತಂತುಗಳ ಸುದ್ದಿ ಜೋರಾದಾಗ ನೋವಿನ ಸುದ್ದಿಗೆ ಬಾಗಿಲು ಅರೆ ಮುಚ್ಚುತ್ತದೆ. ಮೊಣಕೈ ಗೋಡೆಗೆ ಬಡಿದಾಗ ಮನುಷ್ಯ ತನಗರಿವಿಲ್ಲದೆಯೇ ಅದನ್ನು ಉಜ್ಜಿಕೊಳ್ಳುವುದು, ಬಿದ್ದ ಮಗುವಿನ ಮಂಡಿಯನ್ನು ತಾಯಿ ನೀವುವುದು ಇದೇ ಕಾರಣಕ್ಕೆ ಹಿತ ಕೊಡುತ್ತದೆ. ಸಿದ್ಧಾಂತದ ಕೆಲವು ವಿವರಗಳು ನಂತರದ ವರ್ಷಗಳಲ್ಲಿ ತಿದ್ದುಪಡಿಯಾದರೂ ಮೂಲ ಮಾತು ನಿಂತಿದೆ.

ಅದರ ಮೇಲೆ ಪ್ರಯೋಗ ನಡೆದದ್ದು 1967ರಲ್ಲಿ. ವಾಲ್ ಮತ್ತು ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಮೊದಲು ತಮ್ಮ ಮೇಲೆಯೇ ವಿದ್ಯುತ್ ಹರಿಸಿ ನೋಡಿಕೊಂಡರು. ಆಮೇಲೆ ಬಹುಕಾಲದ ತೀವ್ರ ನೋವಿದ್ದ ಎಂಟು ರೋಗಿಗಳ ನರಗಳಿಗೆ ಸೆಕೆಂಡಿಗೆ 100ರಂತೆ ಮಿಡಿತ ಕೊಟ್ಟರು. ಮಿಡಿತ ನಡೆಯುತ್ತಿರುವಷ್ಟು ಹೊತ್ತು, ಮುಂಚೆ ಮುಟ್ಟಗೊಡದಿದ್ದ ಜಾಗವನ್ನು ಒತ್ತಿದರೂ ನೋವಾಗಲಿಲ್ಲ. ಕೈಕಾಲಿನ ನರಗಳದೇ ರೋಗವಿದ್ದ ನಾಲ್ವರಿಗೆ ಎರಡು ನಿಮಿಷದ ಮಿಡಿತದಿಂದ ಅರ್ಧ ಗಂಟೆಗೂ ಮಿಕ್ಕಿ ನೋವು ಇಳಿದಿತ್ತು. ಅದೇ ಹೊತ್ತಿನಲ್ಲಿ ಅಮೆರಿಕದ ನಾರ್ಮನ್ ಶೀಲಿ ಬೆನ್ನುಹುರಿಯ ಬಳಿ ಶಸ್ತ್ರಕ್ರಿಯೆಯಿಂದ ತಂತಿ ಕೂರಿಸಿ ನೋವು ತಡೆಯುವ ವಿಧಾನವನ್ನು ಆರಂಭಿಸಿದ್ದರು. ಯಾರಿಗೆ ಆ ಶಸ್ತ್ರಕ್ರಿಯೆ ಒಗ್ಗೀತೆಂದು ತಿಳಿಯಲು ಮೊದಲು ಚರ್ಮದ ಮೇಲಿಂದ ಕರೆಂಟು ಕೊಟ್ಟು ಪರೀಕ್ಷಿಸುವ ರೂಢಿ ಬೆಳೆಯಿತು. ಕೆಲವರಿಗೆ ಆ ಪರೀಕ್ಷೆಯಲ್ಲೇ ಸಾಕಷ್ಟು ಆರಾಮ ಸಿಕ್ಕಿ, ಶಸ್ತ್ರಕ್ರಿಯೆಯ ಅಗತ್ಯವೇ ಬೀಳಲಿಲ್ಲ. ಎಪ್ಪತ್ತರ ದಶಕದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಯಂತ್ರಗಳು ಬಂದವು. ಈಗ ಔಷಧ ಅಂಗಡಿಗಳಲ್ಲಿ ಸಿಗುವ ಟೆನ್ಸ್ ಯಂತ್ರಗಳು ಅವುಗಳ ಸಂತತಿಯವು.

ಯಂತ್ರದಲ್ಲಿ ಮುಖ್ಯವಾಗಿ ಎರಡು ಬಗೆಯ ಹೊಂದಿಕೆಗಳಿವೆ. ಸೆಕೆಂಡಿಗೆ 50ರಿಂದ 100ರಷ್ಟು ಮಿಡಿತಗಳನ್ನು ನೋವಾಗದ ಮಟ್ಟದಲ್ಲಿ ಕೊಡುವುದು ಒಂದು. ಇದರಲ್ಲಿ ಜುಮುಜುಮು ಎಡೆಬಿಡದೆ ಇರುತ್ತದೆ, ಸ್ನಾಯು ಕುಣಿಯುವುದಿಲ್ಲ. ಸೆಕೆಂಡಿಗೆ ಎರಡರಿಂದ ನಾಲ್ಕು ಮಿಡಿತಗಳನ್ನು ಸ್ವಲ್ಪ ಜೋರಾಗಿ, ಸ್ನಾಯು ಪಟಪಟ ಅದುರುವಂತೆ ಕೊಡುವುದು ಇನ್ನೊಂದು. ಎರಡೂ ಮಿದುಳು ಮತ್ತು ಬೆನ್ನುಹುರಿಯಲ್ಲಿ ದೇಹ ತಾನೇ ತಯಾರಿಸುವ ನೋವುನಿವಾರಕ ರಾಸಾಯನಿಕಗಳನ್ನು ಹೊರತರುತ್ತವೆ, ಆದರೆ ಬೇರೆಬೇರೆ ದಾರಿಯಿಂದ. ಸ್ವೀಡನ್ನಿನ ಶೊಲುಂಡ್ ಮತ್ತು ಎರಿಕ್ಸನ್ 1979ರಲ್ಲಿ, ಅಫೀಮಿನ ಜಾತಿಯ ಮದ್ದುಗಳ ಪರಿಣಾಮವನ್ನು ಅಳಿಸುವ ನೆಲೊಕ್ಸೋನ್ ಚುಚ್ಚುಮದ್ದು ಕೊಟ್ಟಾಗ ನಿಧಾನ ಮಿಡಿತದಿಂದ ಸಿಕ್ಕ ಆರಾಮ ಕರಗಿತು, ವೇಗದ ಮಿಡಿತದಿಂದ ಸಿಕ್ಕದ್ದು ಕರಗಲಿಲ್ಲ ಎಂದು ತೋರಿಸಿದರು. ಅಮೆರಿಕದ ಕ್ಯಾಥ್ಲೀನ್ ಸ್ಲೂಕಾ ಅವರ ಪ್ರಯೋಗಶಾಲೆ ಆಮೇಲೆ ಈ ಎರಡು ದಾರಿಗಳನ್ನೂ ಪ್ರಾಣಿಗಳಲ್ಲಿ ಬಿಡಿಸಿ ನೋಡಿತು. ಊರಿನ ಮಟ್ಟಿಗೆ ಇದರಿಂದ ಒಂದು ನೇರವಾದ ಉಪಯೋಗವಿದೆ. ಟ್ರಮಡಾಲ್ ಅಥವಾ ಮಾರ್ಫಿನ್‌ನಂಥ ಮಾತ್ರೆಯನ್ನು ಬಹಳ ದಿನಗಳಿಂದ ನುಂಗುತ್ತಿರುವವರಿಗೆ ನಿಧಾನ ಮಿಡಿತ ಅಷ್ಟಾಗಿ ನಾಟುವುದಿಲ್ಲ. ಅವರಿಗೆ ವೇಗದ ಮಿಡಿತವೇ ತಕ್ಕದ್ದು.

ಒಂದೇ ವೇಗದಲ್ಲಿ, ಒಂದೇ ಜೋರಿನಲ್ಲಿ ದಿನಾಲೂ ಕೊಟ್ಟರೆ ಮೈ ಅದಕ್ಕೆ ಒಗ್ಗಿಕೊಂಡು ನಾಲ್ಕೈದು ದಿನಗಳಲ್ಲೇ ಪರಿಣಾಮ ಕುಂದುವುದೂ ಪ್ರಯೋಗಗಳಲ್ಲಿ ಕಂಡಿದೆ. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಏನೂ ಹತ್ತಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ವೇಗವನ್ನು ಆಗಾಗ ಬದಲಿಸುವುದು, ಜೋರನ್ನು ಸ್ವಲ್ಪಸ್ವಲ್ಪ ಏರಿಸುತ್ತ ಹೋಗುವುದು ಇದಕ್ಕೆ ಮದ್ದು. ಚಹಾದ ಬಗ್ಗೆಯೂ ಒಂದು ಮಾತು ಹೇಳಬೇಕು. 1995ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, 200 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೆ ಟೆನ್ಸ್‌ನ ಪರಿಣಾಮ ಕಡಿಮೆಯಾಗಿತ್ತು. ಅದು ನಾಲ್ಕಾರು ಕಪ್ ಚಹಾಕ್ಕೆ ಸಮ. ಪ್ಯಾಡ್ ಹಚ್ಚುವ ಮುಂಚೆ ಮೇಲಿಂದ ಮೇಲೆ ಚಹಾ ಕುಡಿಯದಿದ್ದರೆ ನಷ್ಟವೇನಿಲ್ಲ.

ಭಾಲ್ಕಿ ಅಥವಾ ಬೀದರಿನ ಫಿಸಿಯೊಥೆರಪಿ ಕ್ಲಿನಿಕ್‌ನಿಂದ ಬಂದವರು ಕರೆಂಟ್ ಹಾಕಿದರು ಎಂದಾಗ ಅದು ಟೆನ್ಸೇ ಆಗಿರಬೇಕೆಂದಿಲ್ಲ. ಐಎಫ್‌ಟಿ ಎಂಬ ಮೇಜಿನ ಮೇಲಿನ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 4,000 ಮತ್ತು 4,100 ಅಲೆಗಳ ಎರಡು ಪ್ರವಾಹಗಳು ಮೈಯೊಳಗೆ ಒಂದನ್ನೊಂದು ಹಾಯ್ದು, ಅವುಗಳ ಅಂತರವಾದ 100ರ ವೇಗದ ಮಿಡಿತವನ್ನು ಉಂಟುಮಾಡುತ್ತವೆ. ಉದ್ದೇಶ ಟೆನ್ಸ್‌ನದೇ, ಆದರೆ ಇದು ಮನೆಗೆ ಒಯ್ಯುವ ಸಾಧನವಲ್ಲ. ಸೋತ ಸ್ನಾಯುವನ್ನು ಕುಗ್ಗಿಸಿ ಹಿಗ್ಗಿಸುವ ಸ್ಟಿಮ್ಯುಲೇಟರ್ ಬೇರೆ, ಅದು ನೋವಿಗಿಂತ ಹೆಚ್ಚಾಗಿ ಬಲಕ್ಕೆ. ಅಲ್ಟ್ರಾಸೌಂಡ್ ಉಪಚಾರದಲ್ಲಿ ವಿದ್ಯುತ್ತು ಮೈಗೆ ತಾಗುವುದೇ ಇಲ್ಲ, ಶಬ್ದದ ಅಲೆಗಳು ಹೋಗುತ್ತವೆ. ಜಾತ್ರೆಗಳಲ್ಲಿ ಪಾದ ಇಟ್ಟು ನಿಲ್ಲುವ ಮಣೆಯಂಥ ಯಂತ್ರ ಮಾರುವವರು ಶುಗರ್, ಬಿಪಿ, ಲಕ್ವಾ ಎಲ್ಲಕ್ಕೂ ಇದೊಂದೇ ಸಾಕು ಎನ್ನುತ್ತಾರೆ. ಅಂಥ ಮಾತನ್ನು ಯಾವ ಪರೀಕ್ಷೆಯೂ ಎತ್ತಿಹಿಡಿದಿಲ್ಲ.

ಹಾಗಾದರೆ ಟೆನ್ಸ್ ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ? ಇಲ್ಲಿ ಉತ್ಸಾಹಕ್ಕೂ ಅನುಮಾನಕ್ಕೂ ಆಧಾರಗಳಿವೆ, ಎರಡನ್ನೂ ಪ್ರಾಮಾಣಿಕವಾಗಿ ನೋಡಬೇಕು. ಬಹುಕಾಲದ ಟೊಂಕ ನೋವಿದ್ದ 145 ಮಂದಿಯ ಮೇಲೆ ಅಮೆರಿಕದ ರಿಚರ್ಡ್ ಡೆಯೊ ಮತ್ತವರ ಸಂಗಡಿಗರು ನಡೆಸಿದ ಪರೀಕ್ಷೆ 1990ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಯಂತ್ರ, ಕೆಲವರಿಗೆ ದೀಪವಷ್ಟೇ ಉರಿಯುವ ಸುಳ್ಳು ಯಂತ್ರ. ಎರಡೂ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ವ್ಯಾಯಾಮ. ತಿಂಗಳ ಕೊನೆಗೆ ನಿಜ ಯಂತ್ರದವರೂ ಸುಳ್ಳು ಯಂತ್ರದವರೂ ಒಂದೇ ಮಟ್ಟದಲ್ಲಿದ್ದರು. ಮೇಲಾದವರು ವ್ಯಾಯಾಮ ಮಾಡಿದವರು. ಇನ್ನೆರಡು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ವ್ಯಾಯಾಮ ಬಿಟ್ಟಿದ್ದರು, ಗಳಿಸಿದ ಆರಾಮವೂ ಹೋಗಿತ್ತು. ಈ ಪರೀಕ್ಷೆ ಟೆನ್ಸ್‌ನ ಹೆಸರಿಗೆ ದೊಡ್ಡ ಪೆಟ್ಟು ಕೊಟ್ಟಿತು. ಇಂಗ್ಲೆಂಡಿನ ಸರ್ಕಾರಿ ಮಾರ್ಗದರ್ಶಿ ಸಂಸ್ಥೆ ನೈಸ್ ಕೂಡ 2016ರಲ್ಲಿ, ಟೊಂಕ ನೋವಿಗೆ ಟೆನ್ಸ್ ಕೊಡಬೇಡಿ ಎಂದೇ ಬರೆಯಿತು.

ಇನ್ನೊಂದು ಕಡೆ, ಇಂಗ್ಲೆಂಡಿನ ಮಾರ್ಕ್ ಜಾನ್ಸನ್ ಮತ್ತವರ ಸಂಗಡಿಗರು 2022ರಲ್ಲಿ 381 ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದರು. ಅವುಗಳಲ್ಲಿ ಭಾಗವಹಿಸಿದವರು 24,000ಕ್ಕೂ ಹೆಚ್ಚು. ಯಂತ್ರ ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ಕೂಡಲೇ, ಸುಳ್ಳು ಯಂತ್ರಕ್ಕಿಂತ ನಿಜ ಯಂತ್ರದಿಂದ ನೋವು ಹೆಚ್ಚು ತಗ್ಗುತ್ತದೆ, ಗಂಭೀರ ಅಡ್ಡಪರಿಣಾಮಗಳಿಲ್ಲ ಎಂಬುದು ಅವರ ತೀರ್ಮಾನ. ತಿಂಗಳುಗಳ ಕಾಲ ಉಳಿಯುವ ಲಾಭ ಅದರಲ್ಲಿ ಸಾಬೀತಾಗಿಲ್ಲ. ಮುಟ್ಟಿನ ದಿನಗಳ ಹೊಟ್ಟೆನೋವಿಗೂ ಟೆನ್ಸ್ ಉಪಯೋಗಕ್ಕೆ ಬಂದೀತೆಂದು ಪರಿಶೀಲನೆಗಳು ಹೇಳುತ್ತವೆ. ಮಾತ್ರೆ ಒಗ್ಗದ ಹುಡುಗಿಯರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಈ ಎರಡು ತುದಿಗಳನ್ನು ಕೂಡಿಸುವ ಎಳೆ 2020ರಲ್ಲಿ ಅಮೆರಿಕದಿಂದ ಬಂದ ಒಂದು ಪರೀಕ್ಷೆಯಲ್ಲಿ ಸಿಗುತ್ತದೆ. ಮೈತುಂಬ ನೋವು ಹರಡಿರುವ ಫೈಬ್ರೊಮಯಾಲ್ಜಿಯಾ ಎಂಬ ತೊಂದರೆಯ 301 ಹೆಂಗಸರಿಗೆ, ನಾಲ್ಕು ವಾರ, ದಿನಕ್ಕೆ ಎರಡು ತಾಸು, ಕೆಲಸ ಮಾಡುತ್ತಿರುವಾಗಲೇ ಯಂತ್ರ ಹಾಕಿಕೊಳ್ಳಲು ಹೇಳಲಾಗಿತ್ತು. ಸಂಶೋಧಕರು ಅಳೆದದ್ದು ಸುಮ್ಮನೆ ಕೂತಾಗಿನ ನೋವನ್ನಷ್ಟೇ ಅಲ್ಲ, ನಡೆಯುವಾಗಿನ ನೋವನ್ನು. ಅದರಲ್ಲಿ ನಿಜ ಯಂತ್ರ ಸುಳ್ಳು ಯಂತ್ರವನ್ನು ಸ್ಪಷ್ಟವಾಗಿ ಹಿಂದೆ ಹಾಕಿತು. ಹಳೆಯ ಪರೀಕ್ಷೆಗಳಲ್ಲಿ ಎಷ್ಟೋ ಸಲ ಕರೆಂಟನ್ನು ತೀರಾ ಮೆಲ್ಲಗೆ ಕೊಟ್ಟಿದ್ದರು, ನೋವನ್ನು ಯಂತ್ರ ತೆಗೆದ ಎಷ್ಟೋ ಹೊತ್ತಿನ ಮೇಲೆ ಅಳೆದಿದ್ದರು. ಹಚ್ಚಿಕೊಂಡಾಗಷ್ಟೇ ಕೆಲಸ ಮಾಡುವ ಸಾಧನವನ್ನು ತೆಗೆದಿಟ್ಟ ಮೇಲೆ ಅಳೆದರೆ ಸೊನ್ನೆಯೇ ಕಾಣುತ್ತದೆ.

ಇದರಿಂದ ಟೆನ್ಸ್‌ನ ಜಾಗ ಯಾವುದೆಂದು ನಿರ್ಧಾರವಾಗುತ್ತದೆ. ಅದು ಮೂಳೆಯ ಸವೆತವನ್ನು ತುಂಬಿಸುವುದಿಲ್ಲ, ಜರುಗಿದ ಡಿಸ್ಕನ್ನು ಒಳಗೆ ಕೂರಿಸುವುದಿಲ್ಲ, ವಾತವನ್ನು ಬಿಡಿಸುವುದಿಲ್ಲ. ನೋವಿನ ಕಾವು ಇಳಿದ ಒಂದು ತಾಸನ್ನು ಕೊಡುತ್ತದೆ. ಆ ತಾಸನ್ನು ಮಂಚದ ಮೇಲೆ ಕಳೆದರೆ ಮಾರನೆಯ ದಿನ ನೋವು ಇದ್ದಲ್ಲೇ ಇರುತ್ತದೆ. ಅದೇ ತಾಸಿನಲ್ಲಿ ಕುರ್ಚಿಯ ಮೇಲೆ ಕೂತು ಮೊಣಕಾಲನ್ನು ನೇರ ಚಾಚಿ ಎಣಿಸುತ್ತ ಹಿಡಿಯುವುದು, ಕೈಯೂರದೆ ಎದ್ದು ಕೂರುವುದು, ಊರ ರಸ್ತೆಯಲ್ಲಿ ನಡೆಯುವುದು, ಟೊಂಕದ ಸ್ನಾಯುಗಳಿಗೆ ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಇವನ್ನೆಲ್ಲ ಮಾಡಿದರೆ ತೊಡೆಯ ಮತ್ತು ಬೆನ್ನಿನ ಸ್ನಾಯು ಗಟ್ಟಿಯಾಗಿ, ಕೀಲಿನ ಮೇಲಿನ ಭಾರ ಇಳಿಯುತ್ತದೆ. ನೋವಿಗೆ ಹೆದರಿ ಅಲುಗಾಡದೆ ಕೂತ ಮೊಣಕಾಲು ಬೇಗ ಸೋಲುತ್ತದೆ. ದಿನವಿಡೀ ಹೊಲದಲ್ಲಿ ದುಡಿಯುವವಳಿಗೆ ಮತ್ತೆ ವ್ಯಾಯಾಮವೇಕೆ ಎಂದು ಮನೆಯವರು ಕೇಳುವುದು ಸಹಜ. ಬಗ್ಗಿ ಕಸ ತೆಗೆಯುವಾಗ ಒಂದೇ ಭಾಗ ಎಳೆಯುತ್ತಲೇ ಇರುತ್ತದೆ, ಎದುರಿನ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ವ್ಯಾಯಾಮ ಆ ಸೊರಗಿದವುಗಳಿಗೆ.

ಟೆನ್ಸ್ ಪರವಾಗಿ ಹೇಳಬೇಕಾದ ಇನ್ನೊಂದು ಮಾತು ಮಾತ್ರೆಗಳದ್ದು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಬಿಪಿ ಏರಬಹುದು, ಮೂತ್ರಪಿಂಡ ಕೆಡಬಹುದು. ಬೇಸಿಗೆಯ ಬಿಸಿಲಲ್ಲಿ ಬೆವರಿ, ನೀರು ಕಡಿಮೆ ಕುಡಿದು ಈ ಗುಳಿಗೆ ನುಂಗುವವರ ಮೂತ್ರಪಿಂಡಕ್ಕೆ ಅಪಾಯ ಇನ್ನೂ ಹೆಚ್ಚು. ದಿನಕ್ಕೆ ಎರಡು ಗುಳಿಗೆ ನುಂಗುತ್ತಿದ್ದವರು ಟೆನ್ಸ್‌ನಿಂದ ಒಂದಕ್ಕೆ ಇಳಿದರೂ ಅದು ದೊಡ್ಡ ಲಾಭ. ಆದರೆ ಬಿಪಿ, ಶುಗರ್, ಸಂಧಿವಾತಕ್ಕೆ ವೈದ್ಯರು ಕೊಟ್ಟ ಔಷಧವನ್ನು ಯಂತ್ರ ಬಂತೆಂದು ಬಿಡಕೂಡದು.

ಹಚ್ಚುವ ಕ್ರಮದಲ್ಲಿ ತಪ್ಪಾದರೆ ಒಳ್ಳೆಯ ಯಂತ್ರವೂ ವ್ಯರ್ಥ. ಚರ್ಮಕ್ಕೆ ಎಣ್ಣೆಯೋ ಮುಲಾಮೋ ಹಚ್ಚಿದ್ದರೆ ಸಾಬೂನಿನಿಂದ ತೊಳೆದು ಒರೆಸಿ ಒಣಗಿಸಬೇಕು, ಇಲ್ಲವಾದರೆ ಪ್ಯಾಡ್ ಸರಿಯಾಗಿ ಕೂರುವುದಿಲ್ಲ. ಅರ್ಧ ಅಂಟಿದ ಪ್ಯಾಡಿನಲ್ಲಿ ಕರೆಂಟು ಅಂಟಿದಷ್ಟು ಜಾಗದಲ್ಲೇ ಒತ್ತೊತ್ತಾಗಿ ಹರಿದು ಸೂಜಿ ಚುಚ್ಚಿದಂತಾಗುತ್ತದೆ, ಕೆಲವೊಮ್ಮೆ ಚರ್ಮ ಸುಡುತ್ತದೆ. ಕಪ್ಪು ರಬ್ಬರಿನ ಪ್ಯಾಡಾದರೆ ಜೆಲ್ ತೆಳ್ಳಗೆ ಎಲ್ಲ ಕಡೆ ಸವರಿ, ಪಟ್ಟಿಯಿಂದ ಬಿಗಿಯಬೇಕು. ಯಂತ್ರ ಆರಿಸಿದ್ದಾಗಲೇ ಪ್ಯಾಡ್ ಹಚ್ಚಬೇಕು, ಆರಿಸಿದ ಮೇಲೆಯೇ ಕೀಳಬೇಕು.

ಟೊಂಕಕ್ಕಾದರೆ ಬೆನ್ನುಮೂಳೆಯ ಎಡಕ್ಕೂ ಬಲಕ್ಕೂ, ಮೂಳೆಯ ಮೇಲಲ್ಲ, ಪಕ್ಕದ ಮೆತ್ತನೆಯ ಸ್ನಾಯುವಿನ ಮೇಲೆ ಪ್ಯಾಡುಗಳನ್ನಿಡಬೇಕು. ಮೊಣಕಾಲಿಗೆ ಮಂಡಿಚಿಪ್ಪಿನ ಮೇಲೆ ಇಡದೆ ಅದರ ಎರಡೂ ಬದಿ, ಅಥವಾ ನಾಲ್ಕು ಪ್ಯಾಡ್ ಇದ್ದರೆ ಎರಡು ಮೇಲ್ಗಡೆ ಎರಡು ಕೆಳಗಡೆ. ಟೊಂಕದಿಂದ ಕಾಲಿಗೆ ಇಳಿಯುವ ಚಳಕಿಗೆ ಒಂದು ಜೋಡಿ ಟೊಂಕದಲ್ಲಿ, ಇನ್ನೊಂದು ನೋವು ಇಳಿಯುವ ದಾರಿಯಲ್ಲಿ. ಕುತ್ತಿಗೆಗಾದರೆ ಹಿಂಭಾಗಕ್ಕೆ ಮಾತ್ರ. ಆಮೇಲೆ ಗುಂಡಿಯನ್ನು ನಿಧಾನ ಏರಿಸುತ್ತ ಹೋಗಿ, ಜುಮುಜುಮು ಬಲವಾಗಿದ್ದೂ ನೋವಾಗದ ಮಟ್ಟದಲ್ಲಿ ನಿಲ್ಲಿಸಬೇಕು. ಬಹಳ ಜನ ಇಲ್ಲಿಯೇ ಎಡವುತ್ತಾರೆ. ಸ್ವಲ್ಪ ಗಿಲಿಗಿಲಿ ಎಂದ ಕೂಡಲೇ ಸಾಕೆನ್ನುತ್ತಾರೆ, ಅಷ್ಟು ಮೆಲ್ಲಗಿನ ಮಿಡಿತ ದಪ್ಪ ತಂತುಗಳನ್ನು ಸಾಕಷ್ಟು ಎಬ್ಬಿಸುವುದಿಲ್ಲ. ಕೆಲ ನಿಮಿಷಗಳ ಮೇಲೆ ಜುಮುಜುಮು ಮಂಕಾದರೆ ಇನ್ನಷ್ಟು ಏರಿಸಬೇಕು. ಒಮ್ಮೆಗೆ ಅರ್ಧ ತಾಸಿನಿಂದ ಒಂದು ತಾಸು, ದಿನಕ್ಕೆ ಎರಡು ಮೂರು ಬಾರಿ ಹಾಕಬಹುದು. ನಿದ್ದೆಯಲ್ಲಿ, ಸ್ನಾನದಲ್ಲಿ, ಬೈಕ್ ಅಥವಾ ಟ್ರ್ಯಾಕ್ಟರ್ ಓಡಿಸುವಾಗ, ರಾಶಿ ಯಂತ್ರದ ಮುಂದೆ ನಿಂತಾಗ ಹಾಕಿಕೊಳ್ಳಬಾರದು.

ಕೆಲವರಿಗೆ ಟೆನ್ಸ್ ಬೇಡವೇ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಅಥವಾ ಹೃದಯಕ್ಕೆ ಷಾಕ್ ಕೊಡುವ ಯಂತ್ರ ಕೂರಿಸಿಕೊಂಡವರ ಮೈಗೆ ಇದನ್ನು ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ತಾಗಿಸಕೂಡದು, ಹೊರಗಿನ ಮಿಡಿತವನ್ನು ಒಳಗಿನ ಯಂತ್ರ ಹೃದಯದ ಬಡಿತವೆಂದೇ ತಪ್ಪು ತಿಳಿಯಬಹುದು. ಕುತ್ತಿಗೆಯ ಮುಂಭಾಗದಲ್ಲಿ ರಕ್ತದೊತ್ತಡ ಕಾಯುವ ನರಗಳೂ ಉಸಿರುನಾಳವೂ ಇವೆ, ಅಲ್ಲಿ ಯಾರಿಗೂ ಬೇಡ. ಎದೆಯ ಒಂದು ಬದಿಯಿಂದ ಇನ್ನೊಂದಕ್ಕೆ ಕರೆಂಟು ಹಾಯುವಂತೆ, ಕಣ್ಣಿನ ಮೇಲೆ, ಗಾಯ ಅಥವಾ ಹುಣ್ಣಿನ ಮೇಲೆ, ಕ್ಯಾನ್ಸರ್ ಗಡ್ಡೆ ಇದ್ದಲ್ಲಿ, ರಕ್ತ ಹೆಪ್ಪುಗಟ್ಟಿ ಬಾತ ಕಾಲಿನ ಮೇಲೆ ಇಡಬಾರದು. ಫಿಟ್ಸ್ ಇರುವವರ ತಲೆ ಮತ್ತು ಕುತ್ತಿಗೆಗೆ ಬೇಡ. ಬಸುರಿಯ ಹೊಟ್ಟೆಗೂ ಟೊಂಕಕ್ಕೂ ಮನೆಯಲ್ಲಿ ತಾವಾಗಿಯೇ ಹಚ್ಚಕೂಡದು. ಹೆರಿಗೆ ನೋವಿಗೆ ಕೆಲವು ದೇಶಗಳಲ್ಲಿ ಬಳಸುತ್ತಾರೆಂಬುದು ನಿಜ, ಅದು ಸೂಲಗಿತ್ತಿ ನರ್ಸ್ ಅಥವಾ ವೈದ್ಯರ ಕಣ್ಣೆದುರು ಮಾಡುವ ಕೆಲಸ.

ಚರ್ಮದ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದು ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಕೆಲಸ, ಮತ್ತು ಆಶಾ ಕಾರ್ಯಕರ್ತೆ ಚೆನ್ನಾಗಿ ಮಾಡಬಲ್ಲ ಕೆಲಸ. ಶುಗರ್ ಬಹಳ ವರ್ಷದಿಂದ ಇರುವವರ ಪಾದ ಮತ್ತು ಮೀನಖಂಡ ಜೋಮು ಹಿಡಿದಿರಬಹುದು. ಕುಷ್ಠರೋಗದ ಮಚ್ಚೆಗಳಲ್ಲಿ ಸ್ಪರ್ಶವೇ ಇರುವುದಿಲ್ಲ. ಅಂಥ ಜಾಗದಲ್ಲಿ ಗುಂಡಿ ಎಷ್ಟು ಏರಿಸಿದರೂ ಗೊತ್ತಾಗದೆ ಚರ್ಮ ಸುಟ್ಟುಹೋಗುತ್ತದೆ. ಕಣ್ಣು ಮುಚ್ಚಿಸಿ ಒಮ್ಮೆ ಹತ್ತಿಯ ಎಳೆಯಿಂದ, ಒಮ್ಮೆ ಬೆಂಕಿಕಡ್ಡಿಯ ಮೊಂಡು ತುದಿಯಿಂದ ಮುಟ್ಟಿ, ಯಾವುದು ಎಂದು ಕೇಳಬೇಕು. ವ್ಯತ್ಯಾಸ ಹೇಳಲಾಗದಿದ್ದರೆ ಅಲ್ಲಿ ಪ್ಯಾಡ್ ಬೇಡ. ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಯಂತ್ರದ ಮಾತು ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು.

ನೋವು ತಗ್ಗಿಸುವ ಯಾವ ಸಾಧನಕ್ಕೂ ಒಂದು ಅಪಾಯವಿದೆ: ತುರ್ತಿನ ಕಾಯಿಲೆಯ ಸೂಚನೆಯನ್ನು ಅದು ಅಡಗಿಸಿಬಿಡಬಹುದು. ಎದೆನೋವು, ಅದರ ಜೊತೆಗೆ ಎಡಗೈ, ದವಡೆ ಅಥವಾ ಭುಜದ ಸೆಳೆತ, ಬೆವರು ಕಂಡರೆ ಅದು ಹೃದಯಾಘಾತವಿರಬಹುದು, ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಬೆನ್ನು ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿತ, ರಾತ್ರಿ ಬೆವರು ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಅನುಮಾನಿಸಬೇಕು. ಟೊಂಕ ನೋವಿನೊಡನೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಕಾಲು ದಿಢೀರನೆ ಸೋತರೆ ನರದ ಮೇಲೆ ಒತ್ತಡ ಬಿದ್ದಿದೆ ಎಂದರ್ಥ, ಶಸ್ತ್ರಕ್ರಿಯೆ ತಡವಾದರೆ ಶಾಶ್ವತ ಹಾನಿ. ಬಿದ್ದ ಮೇಲೆ ಶುರುವಾದ ನೋವು, ಕೆಂಪಾಗಿ ಬಿಸಿಯಾಗಿ ಬಾತ ಕೀಲು, ಮಲಗಿದರೂ ಬಿಡದ ನೋವು ಇವೂ ಭಾಲ್ಕಿಯ ಸರ್ಕಾರಿ ಆಸ್ಪತ್ರೆಗೆ, ಅಗತ್ಯ ಬಿದ್ದರೆ ಬೀದರಿನ ಬ್ರಿಮ್ಸ್‌ಗೆ ಮೊದಲು ಹೋಗಬೇಕಾದ ನೋವುಗಳು. ಕಾರಣ ಗೊತ್ತಾಗದ ನೋವಿಗೆ ಯಂತ್ರ ಹಚ್ಚಬಾರದು.

ಕೊಳ್ಳುವ ಮಾತು ಬಂದಾಗ ಮೊದಲು ಫಿಸಿಯೊಥೆರಪಿಸ್ಟರ ಬಳಿ ಒಂದೆರಡು ಸಲ ಹಾಕಿಸಿಕೊಂಡು, ಆರಾಮ ಸಿಗುತ್ತದೋ ನೋಡಿ ಆಮೇಲೆ ಹಣ ಹಾಕುವುದು ಜಾಣತನ. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲಿ ಶುರುವಾದಾಗ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಹಿರಿಯರಿಗೆ ಫಿಸಿಯೊಥೆರಪಿ ಒದಗಿಸುವುದನ್ನೂ ಅದರಲ್ಲಿ ಸೇರಿಸಿತ್ತು. ಮೊಣಕಾಲು ಹಿಡಿದು ಕೂತ ಅಜ್ಜ ಅಜ್ಜಿಯರಿಗೆ ಆ ಸೇವೆಯನ್ನು ಕೇಳಿ ಪಡೆಯುವ ಹಕ್ಕಿದೆ. ಯಂತ್ರದಲ್ಲಿ ಮಿಡಿತದ ವೇಗ ಮತ್ತು ಜೋರು ಎರಡನ್ನೂ ಬದಲಿಸುವ ಸೌಲಭ್ಯ ಇರಬೇಕು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಪುಸ್ತಿಕೆ ಜೊತೆಗಿರಬೇಕು. ಬ್ಯಾಟರಿಯದೇ ಒಳ್ಳೆಯದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡೇ ಮೈಗೆ ಹಚ್ಚುವ ಅಗ್ಗದ ಯಂತ್ರದಲ್ಲಿ ತಡೆ ಕೆಟ್ಟರೆ ಮನೆಯ ಕರೆಂಟೇ ನೇರವಾಗಿ ಮೈಗೆ ಹರಿದೀತು. ಚಾರ್ಜಿಗೆ ಹಾಕುವಂಥದ್ದಾದರೆ ಚಾರ್ಜಿನಲ್ಲಿರುವಾಗ ಹಚ್ಚಬಾರದು. ಲೈಟು ಹೋಗಿದ್ದರೂ ನಡೆಯುತ್ತದೆ ಎಂಬುದು ಹಳ್ಳಿಯ ಮಟ್ಟಿಗೆ ಬ್ಯಾಟರಿ ಯಂತ್ರದ ಇನ್ನೊಂದು ಅನುಕೂಲ.

ಸ್ವಸಹಾಯ ಸಂಘದವರು ಸೇರಿ ಒಂದು ಯಂತ್ರ ಕೊಂಡು ಸರದಿಯ ಮೇಲೆ ಬಳಸುವುದರಲ್ಲಿ ತಪ್ಪಿಲ್ಲ, ಖರ್ಚಿನ ದೃಷ್ಟಿಯಿಂದ ಅದೇ ವಿವೇಕ. ಆದರೆ ಪ್ಯಾಡುಗಳನ್ನು ಹಂಚಿಕೊಳ್ಳಬಾರದು. ಒಬ್ಬರ ಬೆವರು, ಹುಳುಕಡ್ಡಿ, ತುರಿ ಇನ್ನೊಬ್ಬರಿಗೆ ಅಂಟುತ್ತದೆ. ಪ್ರತಿಯೊಬ್ಬರ ಪ್ಯಾಡೂ ಅವರ ಹೆಸರು ಬರೆದ ಪ್ಲಾಸ್ಟಿಕ್ ಚೀಲದಲ್ಲಿ, ಅದರ ಹಾಳೆಗೆ ಅಂಟಿಸಿ, ಧೂಳು ಬಿಸಿಲು ತಾಗದಂತೆ ಇರಬೇಕು. ಅಂಟು ಒಣಗಿದ ಪ್ಯಾಡನ್ನು ಪಟ್ಟಿ ಸುತ್ತಿ ಮುಂದುವರಿಸದೆ ಎಸೆಯಬೇಕು. ಯಂತ್ರದ ಬೆಲೆಯ ಜೊತೆಗೆ ವರ್ಷದ ಪ್ಯಾಡುಗಳ ಬೆಲೆಯನ್ನೂ ಸಂಘದ ಲೆಕ್ಕದಲ್ಲಿ ಸೇರಿಸಿಟ್ಟರೆ ಯಂತ್ರ ಮೂಲೆ ಸೇರುವುದು ತಪ್ಪುತ್ತದೆ.

ಎರಡು ವಾರ ಒಂದು ಹಾಳೆಯಲ್ಲಿ ದಿನಾಲೂ ಮೂರು ಸಂಗತಿ ಬರೆದಿಡಬೇಕು: ಹಚ್ಚುವ ಮುಂಚೆ ನಡೆದಾಡುವಾಗ ನೋವು ಹತ್ತಕ್ಕೆ ಎಷ್ಟು, ಹಚ್ಚಿಕೊಂಡು ನಡೆದಾಗ ಎಷ್ಟು, ಆ ದಿನ ನುಂಗಿದ ಗುಳಿಗೆ ಎಷ್ಟು. ಓದು ಬಾರದವರಿಗೆ ಗೀಟು ಎಳೆದರೂ ಸಾಕು. ಎರಡನೆಯ ವಾರದ ಕೊನೆಗೆ ನೋವು ಎರಡು ಅಂಕವಾದರೂ ಇಳಿದಿದ್ದರೆ, ಅಥವಾ ಗುಳಿಗೆ ಕಡಿಮೆಯಾಗಿದ್ದರೆ, ಅಥವಾ ನಡೆಯುವ ದೂರ ಹೆಚ್ಚಿದ್ದರೆ ಮುಂದುವರಿಸಬೇಕು. ಇಳಿಯದಿದ್ದರೆ ಪ್ಯಾಡಿನ ಜಾಗ, ಮಿಡಿತದ ವೇಗ, ಜೋರು ಬದಲಿಸಿ ಇನ್ನೊಂದು ವಾರ ನೋಡಬಹುದು. ಆಗಲೂ ವ್ಯತ್ಯಾಸ ಕಾಣದಿದ್ದರೆ ಆ ಮೈಗೆ ಟೆನ್ಸ್ ಒಗ್ಗುವುದಿಲ್ಲ ಎಂದು ತಿಳಿದು, ಆ ಹಾಳೆಯನ್ನೇ ಕೈಯಲ್ಲಿ ಹಿಡಿದು ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕಂಡು ಬೇರೆ ಉಪಚಾರ ಕೇಳಬೇಕು. ಯಂತ್ರವನ್ನು ಸಂಘದಲ್ಲಿ ಮುಂದಿನ ಸರದಿಯವರಿಗೆ ಹೊಸ ಪ್ಯಾಡಿನೊಂದಿಗೆ ಕೊಡಬಹುದು, ವ್ಯಾಯಾಮವನ್ನು ಮಾತ್ರ ನಿಲ್ಲಿಸಬಾರದು.